ವಾಂತಿಭೇದಿಗೆ ಮಾತ್ರೆ ಕೊಟ್ಟರು, ಚರಂಡಿಯೊಳಗಿನ ಪೈಪಿಗೆ ಏನು ಕೊಡಿಸೋದು?

ನಮ್ಮದು ಮಂಡ್ಯ ಕಡೆ, ನಾಲೆ ಬಯಲಿನ ಹಳ್ಳಿ. ಕೆಲವು ವರ್ಷದ ಹಿಂದೆ ಮಳೆ ಹಿಡಿದ ವಾರವೇ ಕೆಳಗಿನ ಬೀದಿಯಲ್ಲಿ ಒಬ್ಬೊಬ್ಬರಾಗಿ ವಾಂತಿಭೇದಿಯಿಂದ ಮಲಗಿದರು. ಪಿಎಚ್‌ಸಿ ಡಾಕ್ಟರು ಅಂಗನವಾಡಿಯಲ್ಲೇ ಕೂತು ಎಲ್ಲರನ್ನೂ ನೋಡಿದರು. ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ, ತೀರಾ ಸೋತ ಇಬ್ಬರಿಗೆ ಡ್ರಿಪ್ಸ್. ನಾಲ್ಕು ದಿನದಲ್ಲಿ ಎಲ್ಲರೂ ಎದ್ದು ಗದ್ದೆಗೆ ಹೋದರು. ಮುಂದಿನ ವರ್ಷ ಅದೇ ಬೀದಿ, ಅದೇ ಮಳೆ, ಮತ್ತೆ ಅದೇ ಕಥೆ. ಮೇಲಿನ ಬೀದಿಯಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಟ್ಯಾಂಕು ಒಂದೇ, ನೀರೂ ಒಂದೇ. ನೀರುಗಂಟಿಯನ್ನು ಕರೆದುಕೊಂಡು ಪೈಪ್ ಹೋದ ದಾರಿಯಲ್ಲೇ ನಡೆದಾಗ ಗೊತ್ತಾಯಿತು: ಬಾವಿಕಟ್ಟೆ ತಿರುವಿನಿಂದ ಆಚೆಗೆ ಪೈಪು ಚರಂಡಿಯೊಳಗೇ ಮಲಗಿದೆ, ಮೂರು ಕಡೆ ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ.

ಇಂಥದ್ದಕ್ಕೆ 'ಆರೋಗ್ಯದ ಸಾಮಾಜಿಕ ನಿರ್ಧಾರಕಗಳು' ಅಂತ ಒಂದು ಬಾಯಿ ತುಂಬುವ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಮೈಕಲ್ ಮಾರ್ಮಟ್ ಅನ್ನುವವರ ಅಧ್ಯಕ್ಷತೆಯಲ್ಲಿ ಒಂದು ಆಯೋಗ ಮಾಡಿತು, 2008ರಲ್ಲಿ ಅದರ ವರದಿ ಬಂತು. ಹೆಸರು ಮರೆತರೂ ಪರವಾಗಿಲ್ಲ. ಕುಡಿಯೋ ನೀರು, ಉಣ್ಣೋ ಅನ್ನ, ಇರೋ ಮನೆ, ಮಾಡೋ ಕೆಲಸ, ಕೈಗೆ ಬರೋ ಕೂಲಿ, ಹುಟ್ಟಿದ ಕೇರಿ, ಇವೆಲ್ಲ ಸೇರಿ ಯಾರು ಆಸ್ಪತ್ರೆಗೆ ಹೋಗುತ್ತಾರೆ, ಯಾರು ಹೋಗೋದಿಲ್ಲ ಅಂತ ಮೊದಲೇ ಅರ್ಧ ತೀರ್ಮಾನ ಮಾಡಿಬಿಟ್ಟಿರುತ್ತವೆ ಅನ್ನೋದೇ ಅದರ ಅರ್ಥ. ಕೆಳಗಿನ ಬೀದಿ ಯಾವ ಜನದ್ದು ಅಂತ ನಾನು ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಇದು ನಮ್ಮ ಕಡೆಗೆ ಹೊಸದೇನೂ ಅಲ್ಲ. ಪ್ಲೇಗು ಬಂದು ಊರು ಖಾಲಿಯಾದ ಮೇಲೆ ಮೈಸೂರಲ್ಲಿ ಆಸ್ಪತ್ರೆ ಕಟ್ಟಿ ಸುಮ್ಮನಾಗಲಿಲ್ಲ. 1903ರಲ್ಲಿ ನಗರ ಸುಧಾರಣಾ ಮಂಡಳಿಯನ್ನೇ ಮಾಡಿದರು. ಹಳೇ ಬಡಾವಣೆಗಳಲ್ಲಿ ಅಗಲ ರಸ್ತೆ, ಮನೆ ಹಿಂದೆ ಕಸ, ಮಲ ಸಾಗಿಸೋಕೆ ಬಿಟ್ಟ ಕನ್ಸರ್‌ವೆನ್ಸಿ ಗಲ್ಲಿ ಕಾಣುತ್ತದಲ್ಲ, ಆ ಕಾಲದ ಬುದ್ಧಿ ಅದು. ಮಂಡ್ಯದಲ್ಲಿ 1929ರಲ್ಲೇ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಅನ್ನೋ ದತ್ತಿ ಸಂಸ್ಥೆಯ ನೆರವಿನಿಂದ ಒಂದು ಆರೋಗ್ಯ ಘಟಕ ತೆರೆದಿತ್ತು. ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರು ಬಂದಾಗ ಭತ್ತದ ಜೊತೆ ಚಳಿಜ್ವರವೂ ಬಂತು ಅಂತ ನಮ್ಮಜ್ಜಿ ಹೇಳುತ್ತಿದ್ದರು.

ಮೊದಲು ಯಾರ ಕೈಯಲ್ಲಿ ಏನಿದೆ ನೋಡಿ

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ನಾನೂ ಎಡವಿದ್ದೆ. ಸೀದಾ ಆರೋಗ್ಯ ಇಲಾಖೆಗೆ ಹೋಗಿ 'ಪೈಪ್ ಬದಲಾಯಿಸಿ' ಅಂದೆ. ಪೈಪು ಅವರದ್ದಲ್ಲ. ಅದು ಗ್ರಾಮ ಪಂಚಾಯಿತಿದು, ದೊಡ್ಡ ಕೆಲಸ ಆದರೆ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಎಂಜಿನಿಯರದ್ದು. ಅಂಗನವಾಡಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕೈಯಲ್ಲಿ, ಶಾಲೆ ಶೌಚಾಲಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೈಯಲ್ಲಿ, ರೇಷನ್ ಕಾರ್ಡು ಆಹಾರ ಇಲಾಖೆಯಲ್ಲಿ, ಬಸ್ಸು ಡಿಪೋದವರ ಹತ್ತಿರ. ಜಿಲ್ಲಾ ಆರೋಗ್ಯಾಧಿಕಾರಿ, ಅಂದರೆ ಡಿಎಚ್‌ಒ ಸಾಹೇಬರ ಹತ್ತಿರ ಇರೋದು ಆಸ್ಪತ್ರೆ, ಔಷಧಿ, ಸಿಬ್ಬಂದಿ ಮತ್ತು ಲೆಕ್ಕ.

ಆ ಲೆಕ್ಕವೇ ನಮಗೆ ಬೇಕಾದ್ದು. ಯಾವ ಊರಲ್ಲಿ ಎಷ್ಟು ಜನಕ್ಕೆ ಏನಾಯಿತು ಅಂತ ಪಿಎಚ್‌ಸಿಯಿಂದ ರೋಗಗಳ ಲೆಕ್ಕ ಇಡುವ ಐಎಚ್‌ಐಪಿ ಪೋರ್ಟಲ್‌ಗೆ ಹೋಗುತ್ತದೆ, ಅದನ್ನು ಜಿಲ್ಲಾ ಸರ್ವೇಕ್ಷಣಾಧಿಕಾರಿ ನೋಡುತ್ತಾರೆ. ಪಂಚಾಯಿತಿಗೆ ನಾವು ಹತ್ತು ಸಲ 'ನೀರು ಗಲೀಜು' ಅಂದರೆ 'ನೋಡೋಣ ಬಿಡಿ' ಅನ್ನುತ್ತಾರೆ. ಅದೇ ವೈದ್ಯಾಧಿಕಾರಿಯ ಸೀಲು ಬಿದ್ದ ಕಾಗದದಲ್ಲಿ 'ಕಲುಷಿತ ನೀರಿನಿಂದ ಆಗಿರುವ ಶಂಕೆ ಇದೆ' ಅಂತ ಬಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕುರ್ಚಿ ಬಿಸಿಯಾಗುತ್ತದೆ. ನಾಳೆ ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಆ ಕಾಗದ ಅವರ ಫೈಲಿನಲ್ಲಿ ಇರುತ್ತದಲ್ಲ! ಆರೋಗ್ಯ ಇಲಾಖೆಯ ಹತ್ತಿರ ಪೈಪಿಲ್ಲ, ಪೆನ್ನಿದೆ. ಆ ಪೆನ್ನು ಓಡುವ ಹಾಗೆ ಮಾಡೋದು ಹೇಗೆ ಅನ್ನೋದಷ್ಟೇ ಈ ಬರಹ.

ಊರಲ್ಲೇ ಇರುವ ಸಮಿತಿ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ಅಂತ ಒಂದಿದೆ. ನಿಮ್ಮೂರಲ್ಲೂ ಇದೆ, ಕಾಗದದ ಮೇಲಾದರೂ ಇದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಹುಟ್ಟಿದ ಯೋಚನೆ. ಕನಿಷ್ಠ 15 ಸದಸ್ಯರಿರಬೇಕು, ಅರ್ಧ ಜನ ಹೆಂಗಸರಾಗಿರಬೇಕು, ಪಂಚಾಯಿತಿ ಸದಸ್ಯರು ಅಧ್ಯಕ್ಷರು, ತಿಂಗಳಿಗೊಮ್ಮೆ ಸಭೆ. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಅಂತ ನಿಗದಿಯಾಗಿದೆ, ಜಂಟಿ ಖಾತೆಗೆ ಬರುತ್ತದೆ.

ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನನ್ನು 'ಸಮಿತಿ ಇದೆಯಾ' ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. 'ಅಕ್ಕಾ, ಹೋದ ಸಭೆಯ ನಡವಳಿ ಪುಸ್ತಕ ಒಂಚೂರು ನೋಡೋಣ' ಅನ್ನಿ. ಪುಸ್ತಕದಲ್ಲಿ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಹನ್ನೆರಡು ಸಹಿ ಕಂಡರೆ ಪರಿಸ್ಥಿತಿ ಅರ್ಥವಾಯಿತು ಅಂದುಕೊಳ್ಳಿ. ಹಾಗಂತ ಅವರ ಮೇಲೆ ಕೂಗಾಡಬೇಡಿ. ಗರ್ಭಿಣಿಯರ ಪಟ್ಟಿ, ಲಸಿಕೆ, ಲಾರ್ವಾ ಸರ್ವೆ, ಮೊಬೈಲ್ ಆಪ್‌ಗೆ ಎಂಟ್ರಿ, ಎಲ್ಲ ಅವರ ತಲೆ ಮೇಲೆ, ಅದರ ಗೌರವಧನಕ್ಕೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂರಬೇಕಾಗಿ ಬಂದವರು ಅವರು. 'ಮುಂದಿನ ಸಭೆಗೆ ನಾನೇ ಹತ್ತು ಜನ ಸೇರಿಸುತ್ತೇನೆ, ಬರೆಯೋ ಕೆಲಸವೂ ನಂದು' ಅನ್ನಿ. ನಾನು ಸಮಿತಿಯೊಳಗೆ ಹೋಗಿದ್ದೇ ಹಾಗೆ.

10,000ದಲ್ಲಿ ಪೈಪ್ ಬರೋದಿಲ್ಲ, ಆ ಆಸೆ ಬಿಡಿ. ಊರಿಗೆಲ್ಲ ಉಪಯೋಗವಾಗುವ ಸಣ್ಣ ಕೆಲಸಕ್ಕೆ, ಗತಿಯಿಲ್ಲದ ಮನೆಗೆ ತುರ್ತು ಬಂದರೆ ಅದಕ್ಕೆ ಬಳಸಬಹುದು. ನಮ್ಮಲ್ಲಿ ಮೊದಲು ವರ್ಷ ವರ್ಷ ಬ್ಲೀಚಿಂಗ್ ಪೌಡರ್ ಬಿಲ್ಲೇ ಆಗುತ್ತಿತ್ತು. ಈಗ ನೀರು ಪರೀಕ್ಷೆ ಬಾಟಲಿ, ರಾತ್ರಿ ಹೊತ್ತು ಆಟೋ ಬಾಡಿಗೆ, ಜೆರಾಕ್ಸು, ಇಷ್ಟಕ್ಕೆ. ಜೆರಾಕ್ಸಿಗೆ ಅಂದಾಗ ಒಬ್ಬರು ನಕ್ಕರು. ಆದರೆ ಕೊನೆಗೆ ಕೆಲಸ ಮಾಡಿಸಿದ್ದು ಆ ಜೆರಾಕ್ಸೇ.

ನಕ್ಷೆ, ಸ್ಟಿಕ್ಕರ್, ಬಾಟಲಿ

ಅಧಿಕಾರಿಗೆ 'ತುಂಬಾ ಜನಕ್ಕೆ ಹುಷಾರಿಲ್ಲ' ಅಂದರೆ ಏನೂ ಆಗೋದಿಲ್ಲ. ಎಲ್ಲಿ, ಎಷ್ಟು ಜನ, ಯಾವ ತಾರೀಕು ಅಂತ ತೋರಿಸಬೇಕು. ನಾವು ಮಾಡಿದ್ದು ಹೀಗೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಊರಿನ ಬೀದಿ, ಮನೆ, ಟ್ಯಾಂಕು, ಚರಂಡಿ, ನಲ್ಲಿ, ತೊಂಬೆ ಎಲ್ಲ ಬರೆದೆವು. ಗುರುತು ಹಾಕಲು ಏನಿಲ್ಲ ಅಂದಾಗ ಆಶಾ ಅಕ್ಕ ಪರ್ಸಿನಿಂದ ಹಣೆಗಿಡುವ ಸ್ಟಿಕ್ಕರ್ ಪ್ಯಾಕೆಟ್ ತೆಗೆದರು. ವಾಂತಿಭೇದಿ ಆದ ಮನೆಗೆ ಕೆಂಪು, ಡೆಂಗಿ ಆದ ಮನೆಗೆ ಕಪ್ಪು. ಅರ್ಧ ಗಂಟೆಯಲ್ಲಿ ಬಾವಿಕಟ್ಟೆ ತಿರುವಿನ ಕೆಳಗೆ ಹನ್ನೊಂದು ಕೆಂಪು ಚುಕ್ಕೆ ಸಾಲಾಗಿ ಕೂತವು. ಮೇಲೆ ಒಂದೂ ಇಲ್ಲ. ಸಮಿತಿ ಅಧ್ಯಕ್ಷರು ಎರಡು ನಿಮಿಷ ಅದನ್ನೇ ನೋಡಿದರು. ಆವತ್ತಿನವರೆಗೆ 'ಆ ಬೀದಿಯವರು ಶುಚಿಯಾಗಿರಲ್ಲ' ಅನ್ನುತ್ತಿದ್ದವರು ಆಮೇಲೆ ಆ ಮಾತು ಆಡಲಿಲ್ಲ.

ಒಂದು ಎಚ್ಚರ. ಕ್ಷಯ, ಎಚ್‌ಐವಿ, ಗರ್ಭಪಾತದಂಥದ್ದನ್ನು ಮನೆಮನೆ ಗುರುತು ಹಾಕಿ ಗೋಡೆಗೆ ನೇತು ಹಾಕಬೇಡಿ. ಅದರಿಂದ ಆಗುವ ಗಾಯ ರೋಗಕ್ಕಿಂತ ದೊಡ್ಡದು. ಅಂಥದ್ದು ಆಶಾ ಅಕ್ಕ ಮತ್ತು ಡಾಕ್ಟರ ನಡುವೆಯೇ ಇರಲಿ.

ವಿಚಾರಿಸುವಾಗ ಹೆಂಗಸರನ್ನು ಕೇಳಿ. ಗಂಡಸರಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ ಅನ್ನೋದೇ ಗೊತ್ತಿರೋದಿಲ್ಲ. 'ಮೊದಲ ಎರಡು ಬಿಂದಿಗೆ ಕಂದು ಬಣ್ಣ ಇರುತ್ತಪ್ಪ, ಅದನ್ನ ಬಚ್ಚಲಿಗೆ ಸುರೀತೀವಿ' ಅಂತ ಒಬ್ಬ ಅಜ್ಜಿ ಹೇಳಿದ್ದೇ ನಮಗೆ ಸಿಕ್ಕ ಮೊದಲ ಸುಳಿವು. ನೀರು ಬಿಡದ ಹೊತ್ತಲ್ಲಿ ಪೈಪು ಖಾಲಿ, ಆಗ ಸಡಿಲ ಜಾಯಿಂಟಿನಿಂದ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತದೆ. ವಾಲ್ವ್ ತಿರುಗಿಸಿದಾಗ ಮೊದಲು ಹೊರಗೆ ಬರೋದು ಅದೇ. ದಿನ ಬಿಟ್ಟು ದಿನ ನೀರು ಬಿಡುವ ಊರಲ್ಲಿ ಈ ತೊಂದರೆ ಜಾಸ್ತಿ.

ಆಮೇಲೆ ನೀರು ಪರೀಕ್ಷೆ. ಜಲಜೀವನ್ ಮಿಷನ್ ಅಡಿ ಪ್ರತಿ ಊರಿನಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತಿದೆ, ಕಿಟ್ ಪಂಚಾಯಿತಿಗೆ ಬಂದಿರುತ್ತದೆ. ಪಂಚಾಯಿತಿ ಬೀರುವಿನಲ್ಲಿ ಸೀಲು ಒಡೆಯದೆ ಕೂತಿದೆಯಾ ನೋಡಿ. ಅದರಲ್ಲಿ ಎಚ್‌ಟುಎಸ್ ಬಾಟಲಿ ಅನ್ನೋದೇ ನನಗೆ ಅಚ್ಚುಮೆಚ್ಚು. ನಲ್ಲಿ ನೀರು ಗೆರೆವರೆಗೆ ತುಂಬಿ, ಮುಚ್ಚಿ, ಮನೆಯಲ್ಲಿ ನೆರಳಿನಲ್ಲಿ ಇಡೋದು. ಒಂದು ದಿನದಿಂದ ಎರಡು ದಿನದೊಳಗೆ ನೀರು ಕಪ್ಪಾದರೆ ಮಲದಿಂದ ಬರುವ ಬ್ಯಾಕ್ಟೀರಿಯಾ ಸೇರಿರೋ ಸಾಧ್ಯತೆ ಇದೆ ಅಂತ. ಕೆಳಗಿನ ಬೀದಿಯ ಬಾಟಲಿ ಮಾರನೇ ಬೆಳಗ್ಗೆಗೆ ಡಿಕಾಕ್ಷನ್ ಥರ ಆಗಿತ್ತು. ಅದನ್ನು ಮೇಜಿನ ಮೇಲೆ ಇಟ್ಟರೆ ಸಾಕು, ಭಾಷಣ ಬೇಕಾಗೋದಿಲ್ಲ.

ಕ್ಲೋರಿನ್ ಪರೀಕ್ಷೆಯನ್ನು ಟ್ಯಾಂಕಿನ ಹತ್ತಿರ ಮಾಡಿ ಬರಬೇಡಿ, ಕೊನೆ ನಲ್ಲಿಯಲ್ಲಿ ಮಾಡಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ತಿಳಿನೀರಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೇ ಬ್ಲೀಚಿಂಗ್ ಪೌಡರ್, ಬೆರೆಸಿ ಅರ್ಧ ಗಂಟೆ ಬಿಟ್ಟು ನೀರು ಬಿಡೋದು. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪೌಡರಿಗೂ ಸುಣ್ಣಕ್ಕೂ ಹೆಚ್ಚು ವ್ಯತ್ಯಾಸ ಇರೋದಿಲ್ಲ. ಬೋರ್‌ವೆಲ್ ನೀರಾದರೆ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು, ಫ್ಲೋರೈಡ್ 1 ಮಿಲಿಗ್ರಾಂವರೆಗೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಕಬ್ಬಿಗೆ ಯೂರಿಯಾ ಸುರಿಯುವ ನಮ್ಮ ಕಡೆ ನೈಟ್ರೇಟ್ ನೋಡಿಸಲೇಬೇಕು. ನಾಗಮಂಗಲದ ಕಡೆ ಬೋರ್ ನಂಬಿದವರು ಫ್ಲೋರೈಡ್ ಮರೆಯಬೇಡಿ.

ಪತ್ರ

ಕೆಲಸ ಆಗೋದೂ ಕೆಡೋದೂ ಇಲ್ಲೇ. ಪತ್ರ ಒಂದೇ ಪುಟ ಇರಲಿ, ವಿಷಯ ಒಂದೇ ಇರಲಿ. ಚರಂಡಿ, ಬೀದಿದೀಪ, ನಾಯಿ ಕಾಟ, ಎಲ್ಲ ಸೇರಿಸಿದರೆ ಬೀದಿದೀಪ ಹಾಕಿ 'ಕ್ರಮ ವಹಿಸಲಾಗಿದೆ' ಅಂತ ಬರೆದು ಮುಗಿಸುತ್ತಾರೆ. ನಮ್ಮದು ಹೀಗಿತ್ತು:

'ವಿಷಯ: ಕೆಳಗಿನ ಬೀದಿಯ ಕುಡಿಯುವ ನೀರಿನ ಪೈಪನ್ನು ಚರಂಡಿಯಿಂದ ಹೊರಗೆ ತೆಗೆಯುವ ಕುರಿತು. ಮಾನ್ಯರೇ, ಸದರಿ ಬೀದಿಯಲ್ಲಿ ಜೂನ್ ತಿಂಗಳ ಒಂದೇ ವಾರದಲ್ಲಿ 11 ಜನರಿಗೆ ವಾಂತಿಭೇದಿಯಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದಿರುತ್ತಾರೆ. ಹಿಂದಿನ ವರ್ಷವೂ ಇದೇ ಬೀದಿಯಲ್ಲಿ ಹೀಗಾಗಿರುತ್ತದೆ. ನಲ್ಲಿ ನೀರಿನ ಪರೀಕ್ಷೆಯಲ್ಲಿ ಕಲುಷಿತವೆಂದು ಕಂಡುಬಂದಿರುತ್ತದೆ. ಪೈಪು 110 ಮೀಟರು ಚರಂಡಿಯೊಳಗೆ ಹಾದುಹೋಗಿದ್ದು, ಮೂರು ಕಡೆ ಸೋರುತ್ತಿದೆ. ನಕ್ಷೆ, ಫೋಟೋ, ಸಭಾ ನಡವಳಿ ಲಗತ್ತಿಸಿದೆ.'

ಇಷ್ಟೇ. 'ದಯವಿಟ್ಟು ಬಡವರ ಮೇಲೆ ಕರುಣೆ ಇಟ್ಟು' ಅಂತೆಲ್ಲ ಬರೆಯಬೇಡಿ. ಕರುಣೆ ಕೇಳಿದರೆ ಕರುಣೆಯೂ ಸಿಗೋದಿಲ್ಲ, ಪೈಪೂ ಸಿಗೋದಿಲ್ಲ.

ಪತ್ರವನ್ನು ಮೊದಲು ಪಿಎಚ್‌ಸಿ ವೈದ್ಯಾಧಿಕಾರಿಗೆ ಕೊಡಿ. ಅವರು ತಮ್ಮ ಒಕ್ಕಣೆ ಸೇರಿಸಿ ಪಿಡಿಒಗೆ ಕಳಿಸಲಿ, ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಹೋಗಲಿ. ಡಾಕ್ಟರಿಗೆ ಇದರಲ್ಲಿ ಲಾಭವೇ ಇದೆ, ಮುಂದಿನ ಸಲ ಕೇಸು ಬಂದರೆ 'ನಾನು ಬರೆದಿದ್ದೆ' ಅನ್ನಬಹುದು. ಅದನ್ನು ಮೆಲ್ಲಗೆ ಅವರಿಗೆ ನೆನಪಿಸಿ, ಬೆದರಿಸುವ ಥರ ಬೇಡ.

ಸ್ವೀಕೃತಿ ಸೀಲು ಇಲ್ಲದೆ ಯಾವ ಕಾಗದವನ್ನೂ ಕೊಟ್ಟು ಬರಬೇಡಿ. ನನ್ನ ಮೊದಲ ಅರ್ಜಿಯನ್ನು ಒಂದು ಕಚೇರಿಯಲ್ಲಿ 'ಇಡಿ ಇಡಿ, ನಾನು ನೋಡ್ಕೋತೀನಿ' ಅಂತ ಇಸಿದುಕೊಂಡರು. ಮೂರು ತಿಂಗಳು ಬಿಟ್ಟು ಹೋದರೆ 'ನಿಮ್ಮ ಅರ್ಜಿ ಬಂದೇ ಇಲ್ಲವಲ್ಲ' ಅಂದರು. ಅವರು ಅಂದು ಚಹಾ ಲೋಟ ಇಟ್ಟಿದ್ದು ಅದರ ಮೇಲೆಯೇ, ನಾನೇ ನೋಡಿದ್ದೆ. ಆಮೇಲಿಂದ ಎರಡು ಪ್ರತಿ, ಒಂದರ ಮೇಲೆ ಸೀಲು, ತಾರೀಕು, ಟಪಾಲು ನಂಬರು. ಕೊಡೋದಿಲ್ಲ ಅಂದರೆ ರಿಜಿಸ್ಟರ್ಡ್ ಪೋಸ್ಟು. ತಿಂಗಳಾದರೂ ಉಸಿರಿಲ್ಲ ಅಂದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೆ 150 ಪದದ ಮಿತಿ ಇದೆ, ಒಂದೇ ವಿಷಯ ಕೇಳಿ.

ಯಾವ ಸಭೆಗೆ ಹೋಗಬೇಕು

ಗ್ರಾಮಸಭೆಯಲ್ಲಿ ಎದ್ದು ಹೇಳಿ, ನಡವಳಿಯಲ್ಲಿ ಬರೆಸಿ. ಬಾಯಲ್ಲಿ ಒಪ್ಪಿದ್ದು ಪುಸ್ತಕದಲ್ಲಿ ಬರದಿದ್ದರೆ ಆಗಿಲ್ಲ ಅಂತಲೇ ಲೆಕ್ಕ. ದುಡ್ಡಿಲ್ಲ ಅಂತಾರೆ, ಆಗ 15ನೇ ಹಣಕಾಸು ಆಯೋಗದ (2021ರಿಂದ 2026ರ ಮಾರ್ಚ್‌ವರೆಗಿನ) ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ದು ಎಲ್ಲಿ ಹೋಯಿತು, ಕ್ರಿಯಾಯೋಜನೆ ಪ್ರತಿ ಕೊಡಿ ಅಂತ ಕೇಳಿ. ದನಿ ಏರಿಸುವ ಅಗತ್ಯವೇ ಬೀಳೋದಿಲ್ಲ.

ಅದಕ್ಕೂ ಅಲ್ಲಾಡದಿದ್ದರೆ ಕೆಡಿಪಿ ಸಭೆ, ಅಂದರೆ ಎಲ್ಲ ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆ. ತಾಲ್ಲೂಕು ಕೆಡಿಪಿಗೆ ಶಾಸಕರು ಅಧ್ಯಕ್ಷರು, ಜಿಲ್ಲಾ ಕೆಡಿಪಿಗೆ ಉಸ್ತುವಾರಿ ಸಚಿವರು. ಇಲ್ಲಿ ಮಾತ್ರ ಆರೋಗ್ಯಾಧಿಕಾರಿಯೂ, ನೀರಿನ ಎಂಜಿನಿಯರೂ, ಸಿಡಿಪಿಒನೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ನಮ್ಮನ್ನು ಒಳಗೆ ಬಿಡೋದಿಲ್ಲ, ಆದರೆ ಕಾಗದ ಒಳಗೆ ಹೋಗಬಹುದು. ಸಭೆಗೆ ಎರಡು ದಿನ ಮುಂಚೆ ಶಾಸಕರ ಪಿಎ ಕೈಗೆ ಒಂದು ಪ್ರತಿ ಕೊಡಿ. ತಾಲ್ಲೂಕು ಆರೋಗ್ಯಾಧಿಕಾರಿಗೂ ಒಂದು ಕೊಟ್ಟು 'ಸಾರ್, ನಿಮ್ಮ ವರದಿ ಓದುವಾಗ ಈ ಊರಿನ ಹೆಸರು ಒಂದು ಸಲ ಹೇಳಿ ಸಾಕು' ಅನ್ನಿ. ಅವರು ಹೆಸರು ಹೇಳುತ್ತಾರೆ, ಶಾಸಕರು ಎಂಜಿನಿಯರ್ ಕಡೆ ತಿರುಗುತ್ತಾರೆ. ನಮ್ಮ ಪೈಪಿಗೆ ಎಸ್ಟಿಮೇಟ್ ಆಗಿದ್ದು ಹಾಗೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಸದಸ್ಯರೇ ಇರಲಿಲ್ಲ, ಬಾಗಿಲು ತಟ್ಟೋಕೆ ಶಾಸಕರು ಮತ್ತು ಜಿಲ್ಲಾ ಪಂಚಾಯಿತಿ ಸಿಇಒ ಬಿಟ್ಟರೆ ಯಾರೂ ಇರಲಿಲ್ಲ. ಈ ಸಂಕಟ ಬೇರೆಯವರಿಗೂ ಗೊತ್ತಿರುತ್ತದೆ.

ಮೈಸೂರು ಪೇಟೆಯೊಳಗಿನವರಿಗೆ ಹೆಸರುಗಳು ಬೇರೆ, ದಾರಿ ಇದೇ. ಕೊಳಚೆ ಪ್ರದೇಶಗಳಲ್ಲಿ ಮಹಿಳಾ ಆರೋಗ್ಯ ಸಮಿತಿ ಇರುತ್ತದೆ, ಅದಕ್ಕೆ ವರ್ಷಕ್ಕೆ 5,000. ಡಾಕ್ಟರ ಒಕ್ಕಣೆ ನಗರ ಆರೋಗ್ಯ ಕೇಂದ್ರದಿಂದ, ಪತ್ರ ಪಾಲಿಕೆಯ ವಲಯ ಕಚೇರಿಗೆ.

ಪೈಪಿನಾಚೆಗೂ ಇದೇ ಲೆಕ್ಕ

ಡೆಂಗಿ ತೆಗೆದುಕೊಳ್ಳಿ. 2024ರಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಲಾರ್ವಾ ಸಿಕ್ಕ ಮನೆಗೆ ಹಳ್ಳಿಯಲ್ಲಿ 200, ಪೇಟೆಯಲ್ಲಿ 400 ದಂಡ ಇಟ್ಟಿತು. ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ಟರೆ ಡ್ರಮ್ಮಿನಲ್ಲಿ ತುಂಬಿಡದೆ ಇನ್ನೇನು ಮಾಡುತ್ತಾರೆ ಹೇಳಿ? ಮೊಟ್ಟೆಯಿಂದ ಸೊಳ್ಳೆ ಆಗೋಕೆ ವಾರ, ಹತ್ತು ದಿನ ಸಾಕು. ಡ್ರಮ್ಮಿನ ತಳದಲ್ಲಿ ಒಂದು ಬಿಂದಿಗೆ ನೀರು ಯಾವಾಗಲೂ ಉಳಿದಿರುತ್ತದೆ, ಹುಳ ಇರೋದೇ ಅಲ್ಲಿ. ಲಾರ್ವಾ ಸಿಕ್ಕ ಮನೆ ಮತ್ತು ನೀರು ಬಿಡುವ ಸರದಿ ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಆರೋಗ್ಯಾಧಿಕಾರಿಗೆ ಕೊಡಿ. ದಂಡದ ರಸೀದಿಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿಂದ 1,000 ಮಾಡಿದ್ದಾರೆ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ನಿಂತುಹೋಗಿರುತ್ತದೆ, ಒಬ್ಬರು ಜೊತೆಗೆ ಬ್ಯಾಂಕಿಗೆ ಹೋದರೆ ಮುಗಿಯಿತು. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದೆ, ಆದರೆ ನಾಟಿ ಕೆಲಸಕ್ಕೆ ಹೋದ ಹುಡುಗಿ ಮಧ್ಯಾಹ್ನ ಊರೊಳಗೆ ಹೇಗೆ ಬರುತ್ತಾಳೆ? ಇದಕ್ಕೆ ಕಬ್ಬಿಣದ ಮಾತ್ರೆ ಉತ್ತರವಲ್ಲ, ಸಿಡಿಪಿಒ ಜೊತೆ ಕೂತು ಮಾತಾಡಬೇಕಾದ್ದು.

ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಬಂದು ಗದ್ದೆ ಬದಿ ಟೆಂಟ್ ಹಾಕುವವರು, ಆಲೆಮನೆಯಲ್ಲಿ ದುಡಿಯುವ ಉತ್ತರದ ಹುಡುಗರು, ಇವರು ನಮ್ಮ ಯಾವ ಪಟ್ಟಿಯಲ್ಲೂ ಇರೋದಿಲ್ಲ. ಮಕ್ಕಳ ಲಸಿಕೆ ಆ ಊರಲ್ಲೂ ತಪ್ಪಿ ಈ ಊರಲ್ಲೂ ತಪ್ಪಿರುತ್ತದೆ. ಟೆಂಟ್ ಬಿದ್ದ ದಿನವೇ ಆಶಾ ಅಕ್ಕನಿಗೆ ಫೋನ್ ಮಾಡಿ, ಕುಡಿಯೋ ನೀರು ಯಾವ ನಲ್ಲಿಯಿಂದ ಅಂತಲೂ ಕೇಳಿ. ಆಲೆಮನೆ ಅಂದಾಗ ಇನ್ನೊಂದು ನೆನಪಾಗುತ್ತದೆ. 2023ರಲ್ಲಿ ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲೇ ಭ್ರೂಣದ ಲಿಂಗ ಪತ್ತೆ ಮಾಡುವ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಪೊಲೀಸರಿಗೆ ಸಿಕ್ಕಿತು. ಗಂಡು ಬೇಕು, ಜಮೀನು ಅವನಿಗೇ ಹೋಗಬೇಕು ಅನ್ನೋದೂ ಒಂದು ಕಾಯಿಲೆ ತರುವ ಪೈಪೇ, ಅದು ಯಾವ ಚರಂಡಿಯಲ್ಲಿದೆ ಅಂತ ಹುಡುಕೋದು ಮಾತ್ರ ಕಷ್ಟ.

ನಮ್ಮ ಪೈಪಿನ ಕಥೆಗೆ ಬರುತ್ತೇನೆ. 110 ಮೀಟರಿನಲ್ಲಿ 70 ಮೀಟರ್ ಚರಂಡಿಯಿಂದ ಎತ್ತಿ ಬೇರೆ ಕಡೆ ಹೂಳಿದ್ದಾರೆ. ಉಳಿದ 40ಕ್ಕೆ ದುಡ್ಡು ಮುಂದಿನ ಕ್ರಿಯಾಯೋಜನೆಯಲ್ಲಿ ಅಂದಿದ್ದಾರೆ. ಈ ಸಲ ಮಳೆಗೆ ಮುಂಚೆ ಆರು ನಲ್ಲಿಯಿಂದ ಆರು ಬಾಟಲಿ ತುಂಬಿ ನಮ್ಮ ಮನೆ ಅಟ್ಟದ ಮೇಲೆ ಇಟ್ಟಿದ್ದೆ. ಐದು ಹಾಗೇ ಇವೆ. ತಿರುವಿನ ನಲ್ಲಿಯದು ಇವತ್ತು ಬೆಳಗ್ಗೆ ಕಪ್ಪಾಗಿದೆ. ಸಂಜೆ ಆಶಾ ಅಕ್ಕ ಡ್ಯೂಟಿ ಮುಗಿಸಿ ಬಂದ ಮೇಲೆ ಪತ್ರ ಬರೆಯಬೇಕು, ಸ್ಟಿಕ್ಕರ್ ಪ್ಯಾಕೆಟ್ ಅವರ ಹತ್ತಿರವೇ ಇದೆ.